ಎಷ್ಟು ಇಂಚಿಗೆ ಗುಡ್ಡ ಜಾರುತ್ತದೆ?

1980ರಲ್ಲಿ ನೆಲ್ ಕೇನ್ ಎಂಬ ಭೂವಿಜ್ಞಾನಿ ಜಗತ್ತಿನ ಬೇರೆಬೇರೆ ಕಡೆಯ 73 ಕುಸಿತಗಳ ಮಳೆ ಲೆಕ್ಕವನ್ನು ಒಂದೇ ಗ್ರಾಫಿನಲ್ಲಿ ಗುರುತಿಸಿ, ಅವುಗಳ ಕೆಳಗೊಂದು ಗೆರೆ ಎಳೆದರು. ಮಳೆಯ ಬಿರುಸು, ಅದು ಸುರಿದ ಹೊತ್ತು ಎರಡೂ ಸೇರಿ ಗೆರೆ ದಾಟಿದರೆ ಗುಡ್ಡ ಜಾರಬಹುದು. ಇಂದಿನ ಮುನ್ಸೂಚನೆಗಳಲ್ಲಿ ಹೆಚ್ಚಿನವು ಆ ಗೆರೆಯ ತಿದ್ದುಪಡಿಗಳೇ. ಅದನ್ನು ನಮ್ಮ ಘಟ್ಟಕ್ಕೆ ಹಚ್ಚಿ ನೋಡಿ: ದಿನಕ್ಕೆ ಸುಮಾರು 100 ಮಿ.ಮೀ., ಅಂದರೆ ನಾಲ್ಕು ಇಂಚು. ಜುಲೈ ತಿಂಗಳ ಆಗುಂಬೆಗೆ ಅದೇನು ದೊಡ್ಡ ಮಳೆ? ದಿನಬೆಳಗಾದರೆ ಎಚ್ಚರಿಕೆ ಕೊಟ್ಟರೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ.

ಆದ್ದರಿಂದ ಒಂದೊಂದು ಸೀಮೆಗೂ ಅದರದೇ ಗೆರೆ ಬೇಕಾಯಿತು. ಹಾಂಗ್‌ಕಾಂಗ್ ಇದರಲ್ಲಿ ಮುಂದು. ಅಲ್ಲಿ 1972ರ ಜೂನ್ 18ರಂದು ಎರಡು ಕಡೆ ಗುಡ್ಡ ಕುಸಿದು 138 ಜನ ಸತ್ತಿದ್ದರು. ಹಿಂದಿನ ಹದಿನೈದು ದಿನದ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು 1975ರಲ್ಲಿ ಪೀಟರ್ ಲಂಬ್ ಹೇಳಿದರು. 1984ರಲ್ಲಿ ಬ್ರಾಂಡ್ ಮತ್ತು ಸಂಗಡಿಗರು ಅದನ್ನು ತಳ್ಳಿಹಾಕಿದರು: ಅಲ್ಲಿನ ಮಟ್ಟಿಗೆ ಗಂಟೆಗೆ 70 ಮಿ.ಮೀ. ಸುರಿಯಿತೇ ಎಂಬುದೇ ಮುಖ್ಯ. ಜಪಾನ್ ಬೇರೆ ದಾರಿ ಹಿಡಿಯಿತು. ಒಂದರ ಕೆಳಗೊಂದು ಇಟ್ಟ ಮೂರು ತೊಟ್ಟಿಗಳಂತೆ ನೆಲವನ್ನು ಕಲ್ಪಿಸಿಕೊಂಡು, ಒಳಗೆ ಉಳಿದ ನೀರನ್ನು ಸದಾ ಲೆಕ್ಕ ಹಾಕುತ್ತಾರೆ. 2018ರ ಕೊಡಗನ್ನು ನೆನೆದರೆ ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ. ಜೂನ್, ಜುಲೈ ಮಳೆಯನ್ನು ಕುಡಿದು ಕೂತಿದ್ದ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಆಗಸ್ಟ್ ನಡುವಿನ ಜಡಿಮಳೆಗೆ ಜರಿದವು.

ಕುಸಿತಕ್ಕೆ ನೆನೆದ ಮಣ್ಣಿನ ಭಾರವೊಂದೇ ಕಾರಣವಲ್ಲ. ಕಣಗಳ ನಡುವೆ ಸೇರಿದ ನೀರಿನ ಒತ್ತಡ ಏರಿ, ಅವುಗಳ ಹಿಡಿತ ಸಡಿಲುತ್ತದೆ. ಮುನ್ನಾರಿನ ಒಂದು ಗುಡ್ಡದಲ್ಲಿ ಅಮೃತಾ ವಿಶ್ವವಿದ್ಯಾಪೀಠದವರು ಈ ಒತ್ತಡವನ್ನೇ ಅಳೆಯುವ ಸಂವೇದಕಗಳನ್ನು ಕೊಳವೆಗಳಲ್ಲಿ ಹೂತರು; 2009ರಿಂದಲೇ ಅಲ್ಲಿಂದ ಎಚ್ಚರಿಕೆ ಹೊರಟಿದೆ. ವಿದ್ಯೆಯೇನೋ ಗಟ್ಟಿ, ಆದರೆ ಘಟ್ಟದ ಎಲ್ಲ ಗುಡ್ಡಕ್ಕೂ ಕೊಳವೆ ಇಳಿಸಲು ಸಾಧ್ಯವೇ? ನಾಸಾದ ಉಪಗ್ರಹ ಆಧಾರಿತ ಪದ್ಧತಿ ಇಡೀ ಭೂಮಿಯನ್ನು ನೋಡುತ್ತದೆ, ಆದರೆ ಘಟ್ಟದ ಗೋಡೆಗೆ ಬಡಿದು ಸುರಿಯುವ ಮಳೆಯನ್ನು ಉಪಗ್ರಹಗಳು ಎಷ್ಟೋ ಸಲ ಕಡಿಮೆ ಲೆಕ್ಕ ಹಾಕುತ್ತವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಕೋಲ್ಕತ್ತದಲ್ಲಿ ಶುರುವಾದದ್ದು 2024ರ ಜುಲೈ 19ರಂದು. ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಆಗ ಮೂರು ದಿನವಾಗಿತ್ತು. 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಅಪಾಯವಿದೆ ಎಂದು ಜಿಲ್ಲಾಡಳಿತಕ್ಕೆ ಹಿಂದಿನ ದಿನವೇ ತಿಳಿಸಿದ್ದು ಕಲ್ಪೆಟ್ಟದ ಹ್ಯೂಮ್ ಕೇಂದ್ರ. ಅದರ ಬಳಿ ಇದ್ದದ್ದು ಜಿಲ್ಲೆಯ ಉದ್ದಗಲಕ್ಕೂ ಹರಡಿದ ಮಳೆಮಾಪಕಗಳ ಲೆಕ್ಕ.

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರೂ ತಲೆಮಾರುಗಳಿಂದ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟಿನಲ್ಲಿ ಮಳೆ ಬರೆದಿಡುತ್ತಾರೆ. ಈಗ ಪಂಚಾಯಿತಿ ಮಟ್ಟದಲ್ಲೂ ಸ್ವಯಂಚಾಲಿತ ಮಾಪಕಗಳಿವೆ. ಆದರೆ ಗೆರೆ ಎಳೆಯಲು ಮಳೆ ಲೆಕ್ಕ ಮಾತ್ರ ಸಾಲದು. ಧರೆ ಯಾವ ಗಂಟೆಗೆ ಜರಿಯಿತು ಎಂಬುದೂ ಬೇಕು. 'ರಾತ್ರಿ ಜರಿದಿದೆ' ಎಂದಷ್ಟೇ ಬರೆದಿಟ್ಟರೆ, ಸಂಜೆ ಏಳಕ್ಕೆ ಬಂದ ಮಳೆಯೋ ನಸುಕಿನ ನಾಲ್ಕಕ್ಕೆ ಬಂದದ್ದೋ ಯಾವುದು ಅದನ್ನು ಕೆಡವಿತೆಂದು ಹೇಳಲು ಯಾವ ಸೂತ್ರಕ್ಕೂ ಆಗುವುದಿಲ್ಲ.