ಹಿಂಡಿ ಎತ್ತಿಗೋ, ಮೀನಿಗೋ?

ಜಗಳೂರಿನ ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡುವುದೇ ಒಂದು ಹಬ್ಬ. ಬರದ ವರ್ಷಗಳನ್ನು ಲೆಕ್ಕವಿಟ್ಟು ಬದುಕಿದ ಸೀಮೆ ಇದು. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಏರಿಸಿ ತುಂಬಿಸುವ ಯೋಜನೆ ಹುಟ್ಟಿದ್ದೂ ಆ ಬವಣೆಯಿಂದಲೇ. ಕೆರೆಯಲ್ಲಿ ನೀರು ನಿಂತರೆ ಸಾಕು, ಮೀನಿನ ಮಾತು ತಾನಾಗಿ ಬರುತ್ತದೆ.

ಏರಿಯ ಮೇಲೆ ಸಿಕ್ಕಿದ ವೃದ್ಧರೊಬ್ಬರನ್ನು, "ಮರಿ ಬಿಟ್ಟರೆ ಸಾಕೇನಜ್ಜ, ಮೇವು ಬೇಡವೇ?" ಎಂದು ಕೇಳಿದೆ. ಅವರು ನಕ್ಕರು. "ಶೇಂಗಾ ಹಿಂಡಿ, ತೌಡು ಹಾಕಿದರೆ ಚೆನ್ನಾಗಿ ಬೆಳೀತಾವೆ ಸ್ವಾಮಿ. ಆದರೆ ಬರ ಬಿದ್ದಾಗ ಎತ್ತಿಗೇ ಹಿಂಡಿ ಇರಲ್ಲ, ಮೀನಿಗೆ ಎಲ್ಲಿಂದ ತರೋದು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಹಿಂದಿರುಗಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಳೆಯ ಹೊತ್ತಗೆಗಳನ್ನು ತಿರುವಿ ಹಾಕಿದಾಗ, ಅದು ಕನ್ನಡ ನಾಡಿಗೆ ಹೊಸದೇನೂ ಅಲ್ಲವೆಂದು ತಿಳಿಯಿತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೊಂದುಂಟು. ಮೀನಿನ ಜಾತಿಗಳು, ಗಾಳ ಹಾಕುವ ಬಗೆ, ಇವುಗಳ ಜೊತೆಗೆ ಮೀನನ್ನು ಕೊಬ್ಬಿಸುವ ಮೇವನ್ನೂ ದೊರೆ ಹೇಳುತ್ತಾನೆ. ಎಳ್ಳು, ಕಡಲೆಹಿಟ್ಟು ಮೊದಲಾದುವುಗಳ ಉಂಡೆಗಳು ಅವು! ಅರಸನ ವಿನೋದಕ್ಕೆ ಅದು ಸಲ್ಲುತ್ತದೆ. ಆದರೆ ಮನುಷ್ಯರ ತಿನಿಸನ್ನೇ ಮೀನಿಗೆ ಹಾಕುವುದು ಬಡವನಿಗೆ ಸಾಧ್ಯವೇ?

ನಮ್ಮ ಕಾಲದಲ್ಲಿ ಈ ಪ್ರಶ್ನೆ ಮತ್ತೆ ತಲೆಯೆತ್ತಿತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆ ಜಾತಿಯ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆಯಿಡಿಸಿದರು. ಅದುವರೆಗೆ ಮರಿಗಳಿಗಾಗಿ ನದಿಯನ್ನೇ ನಂಬಬೇಕಾಗಿದ್ದಿತು. ಕ್ರಮೇಣ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೂರದ ಕೆರೆಗಳಿಗೂ ಬಂದವು. ಮರಿಯ ಚಿಂತೆ ಕಳೆಯಿತು. ಮೇವಿನ ಚಿಂತೆ ಉಳಿಯಿತು.

ಅದಕ್ಕೊಂದು ಉತ್ತರ ನಮ್ಮ ಮೈಸೂರಿನಲ್ಲೇ ಮೊಳೆಯಿತು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ, 1970ರ ದಶಕದಲ್ಲಿ, ಎಲ್. ವಿ. ವೆಂಕಟರಾಮನ್ ಮತ್ತು ಜರ್ಮನಿಯ ಬೆಕರ್ ಅವರು ಪಾಚಿಯನ್ನು ಬೇಸಾಯ ಮಾಡಲು ಹೊರಟರು. ಮೊದಲು ಬೆಳೆದದ್ದು ಸೀನೆಡೆಸ್ಮಸ್ ಎಂಬ ಹಸುರು ಪಾಚಿ; ಆಮೇಲೆ ಸ್ಪಿರುಲಿನಾ. ಎರಡನೆಯದರ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಸಸಾರಜನಕ. ಶೇಂಗಾ ಹಿಂಡಿಯಲ್ಲಿಯಾದರೋ 40-45ರ ಆಸುಪಾಸು. ಆಫ್ರಿಕದ ಚಾಡ್ ಸರೋವರದ ಜನ ಇಂಥದೇ ಪಾಚಿಯನ್ನು ಬಿಸಿಲಿನಲ್ಲಿ ಒಣಗಿಸಿ, ಬಿಲ್ಲೆ ಮಾಡಿ, ಹಿಂದಿನಿಂದಲೂ ಉಣ್ಣುತ್ತ ಬಂದಿದ್ದಾರೆ. ನಮ್ಮವರೂ ಅದನ್ನು ತಿಂದಾರೆಂಬುದು ಮೈಸೂರಿನವರ ಮೊದಲ ಆಸೆ. ಆದರೆ ಹಸುರು ಬಣ್ಣದ, ಒಂದು ಬಗೆಯ ವಾಸನೆಯ ಆ ಪುಡಿ ನಮ್ಮ ಅಡಿಗೆಮನೆಯ ಹೊಸ್ತಿಲು ದಾಟುವುದು ಸುಲಭವೇ? ಕೋಳಿಗೆ, ಗೆಂಡೆ ಮೀನಿಗೆ ತಿನ್ನಿಸಿದ ಪ್ರಯೋಗಗಳೂ ನಡೆದುವು. ಮೇವಿನಲ್ಲಿ ಒಂದು ಪಾಲಾಗಿ ಪಾಚಿ ಬೆರೆತರೆ ಮೀನು ಬೇಡವೆನ್ನುವುದಿಲ್ಲ.

ಹಾಗಿದ್ದರೆ ಅದು ಊರೂರಿಗೆ ಏಕೆ ಬರಲಿಲ್ಲ? ತೊಡಕು ಬೆಳೆಯುವುದರಲ್ಲಿಲ್ಲ, ಕೊಯ್ಯುವುದರಲ್ಲಿದೆ. ಹನಿ ನೀರಿನಲ್ಲಿ ಕಣ್ಣಿಗೆ ಕಾಣದಂತೆ ತೇಲುವ ಪಾಚಿಯನ್ನು ಸೋಸಬೇಕು, ಒಣಗಿಸಬೇಕು. ಸೀನೆಡೆಸ್ಮಸ್‌ನ ಕೋಶಕ್ಕೆ ಗಟ್ಟಿ ಗೋಡೆ. ಅದು ಅರಗಬೇಕಾದರೆ ಕಾದ ಉರುಳೆಯ ಮೇಲೆ ಒಣಗಿಸಬೇಕು. ಅಷ್ಟು ವೆಚ್ಚ ಮಾಡಿದ ಪುಡಿ ಹಿಂಡಿಗಿಂತ ದುಬಾರಿಯಾಯಿತು. ಎತ್ತಿನ ಬಾಯಿಂದ ಹಿಂಡಿಯನ್ನು ಉಳಿಸಹೊರಟದ್ದು, ಕೊನೆಗೆ ಪಟ್ಟಣದ ಔಷಧದಂಗಡಿಯ ಗುಳಿಗೆಯಾಗಿ ನಿಂತಿತು.

ಆದರೆ ಕೊಯ್ಯಬೇಕಾದ ಅಗತ್ಯವೇನು? ನೀರಿನಲ್ಲಿಯೇ ಪಾಚಿ ಬೆಳೆಯಲಿ, ಮೀನು ತಾನೇ ಮೇಯಲಿ ಎಂಬುದು ಇನ್ನೊಂದು ದಾರಿ. ಸಾಕಣೆಯ ಹೊಂಡಕ್ಕೆ ಹದವರಿತು ಸಗಣಿಗೊಬ್ಬರ ಹಾಕಿದರೆ ನೀರು ಹಸುರಾಗುತ್ತದೆ. ಆ ಹಸುರನ್ನು ಸಣ್ಣ ಜಲಜೀವಿಗಳು ತಿನ್ನುತ್ತವೆ, ಅವುಗಳನ್ನು ಕಾಟ್ಲಾ ತಿನ್ನುತ್ತದೆ. 1959ರಲ್ಲಿ ನಮ್ಮ ದೇಶಕ್ಕೆ ತಂದ ಬೆಳ್ಳಿಗೆಂಡೆಯಂತೂ ಪಾಚಿಯನ್ನೇ ಸೋಸಿ ತಿನ್ನುತ್ತದೆ. ಹಿಂಡಿ ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ, ಅಷ್ಟೆ.

ಆದರೂ ಹದ ತಪ್ಪಬಾರದು. ಹಗಲು ಪ್ರಾಣವಾಯು ಕೊಡುವ ಪಾಚಿಯೇ ರಾತ್ರಿ ಅದನ್ನು ಹೀರುತ್ತದೆ. ಪಾಚಿ ಅತಿಯಾದರೆ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಒಮ್ಮೊಮ್ಮೆ ರಾಶಿ ರಾಶಿಯಾಗಿ ಸಾಯುತ್ತವೆ. ಕೆಲವು ನೀಲಿ-ಹಸುರು ಪಾಚಿಗಳಲ್ಲಿ ವಿಷವೂ ಉಂಟು. ಆದುದರಿಂದ ಜನ, ದನ ಕುಡಿಯುವ ಕೆರೆಗೆ ಗೊಬ್ಬರ ಸುರಿಯುವ ಮಾತೇ ಕೂಡದು. ಅದು ಹೊಂಡದ ಕೆಲಸ.

ಜಗಳೂರಿನಲ್ಲಿ ಮಳೆಗೆ ಬರವುಂಟು, ಬಿಸಿಲಿಗೆ ಎಂದೂ ಬರವಿಲ್ಲ. ಪಾಚಿಗೆ ಬೇಕಾದ ಮೊದಲ ಬಂಡವಾಳ ಬಿಸಿಲೇ. ಮುಂದಿನ ಸಲ ಆ ಅಜ್ಜ ಸಿಕ್ಕರೆ ಇಷ್ಟು ಹೇಳೋಣವೆಂದಿದ್ದೇನೆ: "ಹಿಂಡಿ ಮೊದಲು ಎತ್ತಿಗೇ ಇರಲಿ, ಅಜ್ಜ. ಮೀನಿನ ಪಾಲನ್ನು ಬಿಸಿಲಿನಿಂದ ಕೇಳಿ ನೋಡೋಣ."