ಯಮುನೆಯ ನೆರೆ, ನಮ್ಮ ನೆರೆಹೊರೆ

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಎರಡರ್ಥ. ಹೊಳೆ ದಡ ಮೀರಿ ಬಂದರೆ ಅದು ನೆರೆ; ಪಕ್ಕದಲ್ಲಿ ಮನೆ ಮಾಡಿಕೊಂಡಿರುವವರೂ ನೆರೆಯವರೇ. ದೆಹಲಿಗೆ ಬಂದು ನೆಲೆಸಿದ ನಮಗೆ ಯಮುನೆ ಬಹುಕಾಲ ಸೇತುವೆ ದಾಟುವಾಗ ಕಾಣುವ ಒಂದು ಹೊಳೆಯಷ್ಟೇ ಆಗಿದ್ದಳು. ಕಾವೇರಿ, ತುಂಗಭದ್ರೆ, ಕೃಷ್ಣೆಯರನ್ನು ಕಂಡ ಕಣ್ಣಿಗೆ ಬೇಸಿಗೆಯ ಯಮುನೆ ತೀರ ಬಡವಾಗಿಯೇ ಕಾಣುವಳು. ಈ ಬಡವಿಯೂ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಲ್ಲಳೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದದ್ದು 2023ರ ಜುಲೈ ತಿಂಗಳಿನಲ್ಲಿ.

ಆದರೆ ಅದು ಹೊಸ ಸಂಗತಿಯೇನೂ ಅಲ್ಲ. ಷಹಜಹಾನನು ಕೆಂಪುಕೋಟೆಯನ್ನು ಕಟ್ಟಿಸಿದ ಕಾಲದಲ್ಲಿ ನದಿ ಕೋಟೆಯ ಮೂಡಣ ಗೋಡೆಯ ಬುಡದಲ್ಲಿಯೇ ಹರಿಯುತ್ತಿತ್ತು. ಕಾಲಕ್ರಮದಲ್ಲಿ ನದಿ ದೂರ ಸರಿಯಿತು. ಅದು ಬಿಟ್ಟ ನೆಲದ ಮೇಲೆ ರಸ್ತೆಗಳೂ ಬಡಾವಣೆಗಳೂ ಎದ್ದವು. 1924ರಲ್ಲಿ ನಮ್ಮ ಕಾವೇರಿಯು ಕೊಡಗು ಮೈಸೂರು ಸೀಮೆಗಳನ್ನು ನಡುಗಿಸಿದಳಷ್ಟೆ. ಅದೇ ವರ್ಷ ಯಮುನೆಯೂ ಉಕ್ಕಿದಳು. 1978ರ ಸೆಪ್ಟೆಂಬರ್ 6ರಂದು ಹಳೆಯ ರೈಲು ಸೇತುವೆಯ ಬಳಿ ನೀರಿನ ಮಟ್ಟ 207.49 ಮೀಟರಿಗೆ ಏರಿತು. ಅಪಾಯದ ಮಟ್ಟವೆಂದು ಗೊತ್ತುಮಾಡಿರುವುದು 205.33 ಮೀಟರ್. ಆ ವರ್ಷ ಮಾಡೆಲ್ ಟೌನ್, ಮುಖರ್ಜಿ ನಗರಗಳಂಥ ಉತ್ತರದ ಬಡಾವಣೆಗಳೊಳಗೆ ನೀರು ನುಗ್ಗಿತು. ಬಳಿಕ 45 ವರ್ಷಗಳ ಕಾಲ ಆ ಅಂಕಿಯನ್ನು ನದಿ ಮೀರಲಿಲ್ಲ. ನದಿ ಸುಮ್ಮನಿದ್ದಷ್ಟು ಕಾಲ ಊರು ಮರೆಯುತ್ತ ಹೋಯಿತು.

2023ರ ಜುಲೈ 11ರಂದು ಹರಿಯಾಣದ ಹಥನೀಕುಂಡ ಅಣೆಕಟ್ಟೆಯಿಂದ ಹರಿದುಬಂದ ನೀರು ಹೆಚ್ಚೆಂದರೆ ಸುಮಾರು 3.59 ಲಕ್ಷ ಕ್ಯೂಸೆಕ್ಸ್. 2019ರಲ್ಲಿ ಅಲ್ಲಿಂದಲೇ 8 ಲಕ್ಷಕ್ಕೂ ಮಿಕ್ಕಿ ನೀರು ಬಂದಿದ್ದರೂ ದೆಹಲಿಯ ಮಟ್ಟ 207 ಮೀಟರನ್ನು ಮುಟ್ಟಿರಲಿಲ್ಲ. ಈ ಸಲ ಅದರ ಅರ್ಧಕ್ಕಿಂತ ಕಡಿಮೆ ನೀರಿಗೆ ಜುಲೈ 13ರಂದು ಮಟ್ಟ 208.66 ಮೀಟರಿಗೇರಿತು! ಇದಕ್ಕೆ ಆಕಾಶವನ್ನೊಂದೇ ದೂರಿದರೆ ಆಗದು. ಪಾತ್ರದಲ್ಲಿ ಹೂಳು ತುಂಬಿತ್ತು, ಬಯಲು ಇಕ್ಕಟ್ಟಾಗಿತ್ತು, ಐ.ಟಿ.ಓ. ಅಣೆಕಟ್ಟೆಯ 32 ಬಾಗಿಲುಗಳಲ್ಲಿ ಐದು ಹೂಳಿನಲ್ಲಿ ಸಿಕ್ಕಿ ತೆರೆಯಲಿಲ್ಲ. ನೀರು ಕೆಂಪುಕೋಟೆಯ ಹಿಂಬದಿಯ ಗೋಡೆಯನ್ನು ಮತ್ತೆ ಮುಟ್ಟಿತು. ಹಳೆಯ ಒಡತಿ ತನ್ನ ಹಿತ್ತಿಲನ್ನು ನೋಡಿಹೋಗಲು ಬಂದಂತಿತ್ತು.

ನೆರೆ ಬರುವುದು ಒಂದು ರಾತ್ರಿಯ ಮಾತು. ಮನೆ ಮತ್ತೆ ಮನೆಯಾಗುವುದು ತಿಂಗಳುಗಳ ಮಾತು. ಈ ಎರಡನೆಯ ಚರಿತ್ರೆಯನ್ನು ಬರೆದಿಡುವವರು ವಿರಳ. ನಮ್ಮ ಹಿರಿಯರು ಮಾತ್ರ ಅದನ್ನು ಕೈಕೆಲಸವಾಗಿ ಬಲ್ಲವರಾಗಿದ್ದರು. ಕೆಸರು ಹಸಿಯಾಗಿರುವಾಗಲೇ ಎತ್ತಿ ಹಾಕಬೇಕು. ಒಣಗಿದರೆ ಅದು ಕಲ್ಲಾಗುವುದು. ಗೋಡೆಯ ತೇವ ಆರುವ ಮುನ್ನ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಬಳಿದರೆ ಉಪ್ಪು ಹೂವಿನಂತೆ ಮೇಲೆದ್ದು ಪದರ ಕಳಚುವುದು. ಹಳೆಯ ದೆಹಲಿಯ ಹವೇಲಿಗಳ ಸಣ್ಣ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು ಕುಡಿದ ನೀರನ್ನು ಮೆಲ್ಲನೆ ಉಸಿರಾಗಿ ಬಿಡಬಲ್ಲವು. ನಮ್ಮ ಇಂದಿನ ಸಿಮೆಂಟು ಗಿಲಾವು ತೇವವನ್ನು ಒಳಗೇ ಹಿಡಿದಿಡುವುದು. ಆದುದರಿಂದ ನೀರು ನಿಂತ ಗೆರೆಯಿಂದ ಕೆಳಗಿನ ಸಡಿಲ ಗಿಲಾವನ್ನು ಕೆತ್ತಿ, ಕಿಟಕಿ ಬಾಗಿಲು ತೆರೆದು, ಗೋಡೆಗೆ ಆರಲು ಕಾಲ ಕೊಡಬೇಕಾಗುವುದು. ವಿದ್ಯುತ್ತಿನ ತಂತಿಗಳನ್ನು ಬಲ್ಲವರು ಪರೀಕ್ಷಿಸುವವರೆಗೆ ಗುಂಡಿ ಒತ್ತಬಾರದು. ಆತುರಪಟ್ಟವನು ಎರಡು ಸಲ ಖರ್ಚು ಮಾಡುವನು.

ಗೋಡೆಗಿಂತಲೂ ಮುಖ್ಯವಾದದ್ದು ಕುಡಿಯುವ ನೀರು. ಇದನ್ನು ದೆಹಲಿ ಬಹಳ ಬೆಲೆ ತೆತ್ತು ಕಲಿತಿದೆ. 1955ರ ಪೂರ ಇಳಿದಾಗ ಯಮುನೆ ತನ್ನ ಪಾತ್ರವನ್ನು ಬದಲಿಸಿದಳು. ನಜಫ್‌ಗಢ ನಾಲೆಯ ಕೊಳಚೆಯು ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಸ್ಥಳಕ್ಕೇ ಹಿಮ್ಮುಖವಾಗಿ ಬಂದು ಸೇರಿತು. ನೀರಿಗೆ ಕ್ಲೋರಿನ್ನು ಹೆಚ್ಚಾಗಿಯೇ ಹಾಕಿದರು. ವಿಷಮಶೀತಜ್ವರ ಹಬ್ಬಲಿಲ್ಲ; ಆದರೆ ಆ ಚಳಿಗಾಲದಲ್ಲಿ 29,000ಕ್ಕೂ ಹೆಚ್ಚು ಜನ ಕಾಮಾಲೆಗೆ ತುತ್ತಾದರು. ಅದು ಇಂದು ನಾವು ಹೆಪಟೈಟಿಸ್ ‘ಇ’ ಎಂದು ಕರೆಯುವ ರೋಗವೆಂದು ವಿದ್ವಾಂಸರು ದಶಕಗಳ ಅನಂತರ ಗುರುತಿಸಿದರು. 2023ರಲ್ಲಿಯೂ ವಜೀರಾಬಾದ್, ಚಂದ್ರಾವಲ್, ಓಖ್ಲಾ ಶುದ್ಧೀಕರಣ ಕೇಂದ್ರಗಳು ಕೆಲವು ದಿನ ನಿಂತವು. ಊರೆಲ್ಲ ನೀರು, ನಲ್ಲಿಯಲ್ಲಿ ನೀರಿಲ್ಲ! ತೊಟ್ಟಿಯನ್ನು ಬರಿದು ಮಾಡಿ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಕುಡಿಯುವ ನೀರನ್ನು ಕುದಿಸಿ ಆರಿಸುವುದು ಮನೆಯ ಜೀರ್ಣೋದ್ಧಾರದ ಮೊದಲ ಹೆಜ್ಜೆಯೇ ಸರಿ.

ಈ ಮಾತನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಕೊಚ್ಚಿತು. ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರಕಾರ ಅವರನ್ನು ಕರೆಸಿತು. ಬಿದ್ದ ಮನೆಗಳನ್ನು ಎಬ್ಬಿಸಿದರೆ ಸಾಲದು, ಮೇಲೆ ನೀರನ್ನು ತಡೆಯಬೇಕು, ಕೆಳಗೆ ಚರಂಡಿಯನ್ನು ತಿದ್ದಬೇಕು ಎಂಬುದು ಅವರ ಯೋಜನೆಯ ತಿರುಳು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮುಗಿದವು. ಒಂದು ನೆರೆಯ ನೆನಪು ಎರಡು ಕೆರೆಗಳಾಗಿ ನಿಂತಿತು.

ತಾಯ್ನಾಡಿನ ಅನುಭವವಾದರೋ ಇನ್ನೊಂದು ಪಾಠವನ್ನು ಹೇಳುವುದು. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಊರೂರುಗಳ ಮಣ್ಣಿನ ಮನೆಗಳು ಕುಸಿದವು. ಸರಕಾರ ದಾನಿಗಳೊಡನೆ ಸೇರಿ ‘ಆಸರೆ’ ಎಂಬ ಹೆಸರಿನಲ್ಲಿ ಎತ್ತರದ ನೆಲದಲ್ಲಿ ಮನೆ ಕಟ್ಟಿಸಿತು. ಹೊಲಕ್ಕೆ ದೂರ, ದನಕ್ಕೆ ಕೊಟ್ಟಿಗೆಯಿಲ್ಲ ಎಂದು ಹಳೆಯ ಊರಿನಲ್ಲೇ ಉಳಿದವರೂ ಉಂಟು. 2019ರಲ್ಲಿ ಮಲಪ್ರಭೆ ಪಟ್ಟದಕಲ್ಲಿನ ದೇಗುಲಗಳನ್ನೂ ಹೊಕ್ಕಳು. ಗೋಡೆ, ಸೂರುಗಳಷ್ಟೇ ಮನೆಯಲ್ಲ. ಬದುಕಿಗೆ ದಾರಿಯಿದ್ದರೆ ಮಾತ್ರ ಅದು ಮನೆ. ಊರು ಬಿಟ್ಟು ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2023ರಲ್ಲಿ ಯಮುನೆಯ ಬಯಲಿನ ಬೇಸಾಯಗಾರರೂ ಕೂಲಿಕಾರರೂ ಮಯೂರ ವಿಹಾರದ ಹೆದ್ದಾರಿಯಂಚಿನಲ್ಲಿ ಡೇರೆ ಹಾಕಿಕೊಂಡು ದಿನ ಕಳೆದರು. ನಮಗೆ ದಿನವೂ ಸೊಪ್ಪು ತರಕಾರಿ ಬೆಳೆದುಕೊಡುವವರಲ್ಲಿ ಅವರೂ ಸೇರಿದವರು. ಎತ್ತರದ ಮಹಡಿಗಳಿಂದ ಅವರನ್ನು ನೋಡಿದ ನಾವು ಸಂಕಟಪಟ್ಟೆವು ನಿಜ. ನೀರಿಳಿದ ಮೇಲೆ ಅವರು ಯಾವ ಮನೆಗೆ ಮರಳಿದರೆಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದೆವು? ನದಿಯ ಬಯಲು ನದಿಗೇ ಉಳಿಯಬೇಕೆಂಬುದು ನ್ಯಾಯ. ಅಲ್ಲಿಂದ ಏಳುವವರಿಗೆ ನಿಲ್ಲಲು ನೆಲ ಬೇಕೆಂಬುದೂ ಅಷ್ಟೇ ನ್ಯಾಯ. ದೊಡ್ಡ ಕಟ್ಟಡಕ್ಕೆ ಒಂದು ನ್ಯಾಯ, ಗುಡಿಸಲಿಗೆ ಇನ್ನೊಂದು ಆಗಬಾರದು.

2025ರ ಸೆಪ್ಟೆಂಬರಿನಲ್ಲಿ ನೀರು ಮತ್ತೆ 207.48 ಮೀಟರಿಗೇರಿತು. ಈ ಸಲ ನದಿ 45 ವರ್ಷ ಕಾಯಲಿಲ್ಲ. ಆದುದರಿಂದ ಕನ್ನಡ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ತಗ್ಗಿನಲ್ಲಿ ಮನೆಯುಳ್ಳವರು ಗೋಡೆಗೆ ಹೊಸ ಬಣ್ಣ ಬಳಿಯುವಾಗ ನೀರು ನಿಂತ ಗೆರೆಯನ್ನೂ ತಾರೀಖನ್ನೂ ಒಂದು ಮೂಲೆಯಲ್ಲಿ ಬರೆದಿಡಲಿ. ಮುಂದೆ ಆ ಮನೆಗೆ ಬಾಡಿಗೆಗೆ ಬರುವವರಿಗೆ ಅದು ನೆರವಾದೀತು. ರಾಜ್ಯೋತ್ಸವದಂದು ನಾವು ನಾಡನ್ನು ನೆನೆಯುವೆವು. ನಮಗೆ ಅನ್ನವಿತ್ತ ಈ ಊರಿನ ಹೊಳೆಯನ್ನೂ, ಹೊಳೆಯ ಮಗ್ಗುಲಿನ ನೆರೆಯವರನ್ನೂ ಅದೇ ದಿನ ನೆನೆಯೋಣ.