ಹಲವು ಕೈಗಳು ಬೆಳೆಸಿದ ಮರ

ಕನ್ನಡದಲ್ಲಿ 'ಬೋನ್ಸಾಯ್' ಎಂಬ ಪದ ಈಗ ಬರೀ ಗಿಡದ ಹೆಸರಾಗಿ ಉಳಿದಿಲ್ಲ. ಬೆಳೆಯಬೇಕಾದವರನ್ನು ಬೆಳೆಯಗೊಡದೆ ಕುಂಡದೊಳಗೆ ಕೂಡಿಹಾಕುವ ಕ್ರೌರ್ಯಕ್ಕೆ ನಾವು ಅದನ್ನು ರೂಪಕವಾಗಿ ಬಳಸುತ್ತೇವೆ. ಹೆಣ್ಣುಮಕ್ಕಳ ಬಾಳಿನ ಕುರಿತು ಮಾತನಾಡುವಾಗ, ಶಾಲೆಯ ಶಿಕ್ಷಣವನ್ನು ಟೀಕಿಸುವಾಗ ಈ ಮಾತು ನಾಲಿಗೆಯ ತುದಿಗೆ ಬಂದುಬಿಡುತ್ತದೆ. ರೂಪಕವಾಗಿ ಅದು ಸರಿಯೇ ಇರಬಹುದು. ಆದರೆ ಆ ಮರಗಳನ್ನು ಸಾಕಿದವರ ಚರಿತ್ರೆಯನ್ನು ಓದಿದರೆ ಬೇರೆಯೇ ಚಿತ್ರವೊಂದು ಕಾಣುತ್ತದೆ. ಆ ಚಿತ್ರ ಸ್ಪಷ್ಟವಾಗಿ ಕಾಣುವುದು ಜಪಾನಿಗಿಂತ ಹೆಚ್ಚಾಗಿ, ಈ ಕಲೆಯನ್ನು ತಡವಾಗಿ ಕಲಿತ ಇಟಲಿಯಲ್ಲಿ.

ಮಿಲಾನ್ ನಗರದ ವಾಯವ್ಯಕ್ಕೆ ಪರಬಿಯಾಗೊ ಎಂಬ ಊರಿದೆ. ಲುಯಿಜಿ ಕ್ರೆಸ್ಪಿ ಎಂಬವರು 1991ರಲ್ಲಿ ಅಲ್ಲಿ ಬೋನ್ಸಾಯ್ ಮರಗಳಿಗೆಂದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಅದರ ನಡುಮನೆಯಲ್ಲಿ ನಮ್ಮ ಆಲ, ಅರಳಿ, ಅತ್ತಿಗಳ ಬಳಗಕ್ಕೆ ಸೇರಿದ ಒಂದು ಮರವಿದೆ. ಅದರ ವಯಸ್ಸು ಸಾವಿರ ವರ್ಷ ಮೀರಿದೆ ಎಂಬುದು ಸಂಗ್ರಹಾಲಯದ ಅಂದಾಜು. ಎತ್ತರ ಸುಮಾರು ಮೂರು ಮೀಟರ್. ಹಲವು ವರ್ಷಗಳ ಮಾತುಕತೆಯ ಬಳಿಕ 1986ರಲ್ಲಿ ಕ್ರೆಸ್ಪಿ ಅದನ್ನು ಪಡೆದರು. ಮೊದಲು ಚೀನಾದ ಕುಶಲಿಗಳ ಕೈಯಲ್ಲಿದ್ದ ಈ ಮರವನ್ನು ಬಳಿಕ ಜಪಾನಿನ ಶೋತಾರೊ ಕವಹಾರಾ, ನೊಬುಯುಕಿ ಕಾಜಿವಾರಾ, ಇಟಲಿಯ ಆಲ್ಬರ್ಟೊ ಲವಾಝ ನೋಡಿಕೊಂಡರು. ಇವರು ಹೆಸರು ತಿಳಿದಿರುವ ಕೆಲವರು ಮಾತ್ರ. ಅವರಿಗಿಂತ ಮೊದಲು ನೀರೆರೆದ ಎಷ್ಟೋ ಕೈಗಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಕುಂಡದಲ್ಲಿ ಮರ ಸಾಕುವ ಕಲೆ ಹುಟ್ಟಿದ್ದು ಚೀನಾದಲ್ಲಿ. ಕ್ರಿ.ಶ. 706ರಲ್ಲಿ ತಾಂಗ್ ವಂಶದ ರಾಜಕುಮಾರನೊಬ್ಬನಿಗೆ ಕಟ್ಟಿದ ಗೋರಿಯ ಗೋಡೆಯ ಮೇಲೆ, ತಟ್ಟೆಯಲ್ಲಿ ಪುಟ್ಟ ಗಿಡಗಳನ್ನು ಹೊತ್ತು ನಿಂತ ಸೇವಕರ ಚಿತ್ರಗಳಿವೆ. ಅಲ್ಲಿಂದ ಈ ಕಲೆ ಜಪಾನಿಗೆ ಹೋಗಿ ಬೋನ್ಸಾಯ್ ಎಂಬ ಹೆಸರು ಪಡೆಯಿತು. 1923ರ ಭೂಕಂಪದಲ್ಲಿ ಟೋಕಿಯೊ ನಗರ ಸುಟ್ಟುಹೋದಾಗ ಅಲ್ಲಿನ ಬೆಳೆಗಾರರು ಮರಗಳನ್ನು ಹೊತ್ತುಕೊಂಡು ಓಮಿಯಾಕ್ಕೆ ಹೋಗಿ ನೆಲೆಸಿದರು. ಇಟಲಿಯಲ್ಲಿ ಈ ಕಲೆ ಗಟ್ಟಿಯಾಗಿ ಬೇರೂರಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿ.

ಹಾಗೆಂದು ಇಟಲಿಯ ತೋಟಗಾರರಿಗೆ ಕತ್ತರಿ, ಕುಂಡಗಳು ಹೊಸತಾಗಿರಲಿಲ್ಲ. ಸುಮಾರು 1900 ವರ್ಷಗಳ ಹಿಂದೆ ರೋಮಿನ ಕಿರಿಯ ಪ್ಲಿನಿ ತನ್ನ ತೋಟದ ಮನೆಯನ್ನು ಬಣ್ಣಿಸುತ್ತಾ, ಪೊದೆಗಿಡಗಳನ್ನು ಪ್ರಾಣಿಗಳ ಆಕಾರಕ್ಕೆ ಕತ್ತರಿಸುವುದನ್ನು ಪತ್ರವೊಂದರಲ್ಲಿ ಬರೆದಿದ್ದಾನೆ. ಕೆಲವೆಡೆ ಗಿಡವನ್ನು ಅಕ್ಷರಗಳ ಆಕಾರಕ್ಕೆ ಕತ್ತರಿಸಿ ಒಡೆಯನ ಹೆಸರನ್ನೂ ತೋಟಗಾರನ ಹೆಸರನ್ನೂ ಮೂಡಿಸುತ್ತಿದ್ದರಂತೆ! ಫ್ಲಾರೆನ್ಸ್ ಬಳಿಯ ಕಾಸ್ತೆಲ್ಲೊದಲ್ಲಿ ಮೆದಿಚಿ ಮನೆತನದ ತೋಟವಿದೆ. ಅಲ್ಲಿ ಸುಮಾರು 500 ನಿಂಬೆ, ಕಿತ್ತಳೆ ಜಾತಿಯ ಗಿಡಗಳು ಮಣ್ಣಿನ ಕುಂಡಗಳಲ್ಲಿವೆ. ಚಳಿಗಾಲಕ್ಕೆ ಅವನ್ನು ಒಳಗೆ ಸಾಗಿಸಿ, ವಸಂತದಲ್ಲಿ ಮತ್ತೆ ಹೊರಗಿಡುತ್ತಾರೆ. ಈ ನಿಂಬೆ ಮತ್ತು ಹುಳಿಕಿತ್ತಳೆಗಳನ್ನು ಸಿಸಿಲಿ ದ್ವೀಪದಲ್ಲಿ ಬೆಳೆಸಿ ಹಬ್ಬಿಸಿದವರು ಒಂಬತ್ತನೆಯ ಶತಮಾನದಿಂದ ಅಲ್ಲಿ ಆಳಿದ ಮುಸ್ಲಿಮರು. ಇಟಲಿಯ 'ಲಿಮೋನೆ' ಅರಬಿಯ 'ಲೈಮೂನ್'ನಿಂದ ಬಂದದ್ದು, 'ಅರಾಂಚಾ' ಅರಬಿಯ 'ನಾರಂಜ್'ನಿಂದ. ನಮ್ಮ ಮನೆಗಳಲ್ಲಿ ಆಡುವ 'ನಾರಂಗಿ'ಯೂ ಅದೇ ಕುಲದ ಮಾತು. ಗಿಡಗಳ ಚರಿತ್ರೆಯಲ್ಲಿ 'ಇದು ನಮ್ಮದು, ಅದು ಅವರದು' ಎಂದು ಬೇಲಿ ಹಾಕಲು ಹೊರಟರೆ ಒಂದು ಕುಂಡವೂ ಉಳಿಯಲಾರದು.

ಆದರೂ ಹಳೆಯ ವಿದ್ಯೆಗೂ ಹೊಸ ವಿದ್ಯೆಗೂ ದೊಡ್ಡ ಅಂತರವಿತ್ತು. ರೋಮನ್ ತೋಟಗಾರನ ಹೆಮ್ಮೆ ಇದ್ದದ್ದು ಕತ್ತರಿಯ ಗುರುತನ್ನು ತೋರಿಸುವುದರಲ್ಲಿ, ಬೋನ್ಸಾಯ್ ಸಾಕುವವನ ಹೆಮ್ಮೆ ಅದನ್ನು ಮರೆಮಾಚುವುದರಲ್ಲಿ. ಮರವನ್ನು ನೋಡಿದವರು 'ಇದನ್ನು ಯಾರು ಮಾಡಿದರು' ಎಂದು ಕೇಳಬಾರದು, 'ಎಷ್ಟು ಮಳೆಗಾಳಿ ಕಂಡ ಮರವಪ್ಪಾ' ಎನ್ನಬೇಕು. ಇದನ್ನು ಕಲಿಯಲು ಇಟಲಿಯ ಯುವಕರು ಜಪಾನಿಗೆ ಹೋದರು. ಮಿಲಾನಿನ ಮಾರ್ಕೊ ಇನ್ವರ್ನಿಝಿ ಹೆಸರಾಂತ ಗುರು ಮಸಾಹಿಕೊ ಕಿಮುರಾ ಅವರ ಬಳಿ ಶಿಷ್ಯರಾಗಿದ್ದರು. ಸ್ವತಃ ಕಿಮುರಾ ಹದಿನೈದನೆಯ ವಯಸ್ಸಿಗೆ ಓಮಿಯಾದ ತೋಟವೊಂದನ್ನು ಸೇರಿ ಹನ್ನೊಂದು ವರ್ಷ ದುಡಿದು ಕಲಿತವರು. ಉರ್ದುವಿನಲ್ಲಿ ನಾವು ಉಸ್ತಾದ್-ಶಾಗಿರ್ದ್ ಎನ್ನುತ್ತೇವಲ್ಲ, ಅಂಥದೇ ನಂಟು ಇದು. ನೀರು ಹಾಕುವುದು, ಕಳೆ ಕೀಳುವುದು, ಗುಡಿಸುವುದು ಮೊದಲು. ಮರಕ್ಕೆ ಕೈ ಹಚ್ಚುವುದು ಆಮೇಲೆ.

ಇಟಲಿಯ ಕಲಾವಿದರಿಗೆ ಆಲ್ಪ್ಸ್ ಪರ್ವತದ ಪೈನ್, ಲಾರ್ಚ್, ಜುನಿಪರ್ ಮರಗಳು ದೊರೆತವು. ತೆಂಕಣ ನಾಡಿನ ಕಾಡು ಆಲಿವ್ ದೊರೆಯಿತು. ಹಿಮದ ಭಾರಕ್ಕೆ ಬಾಗಿ, ಸಿಡಿಲಿಗೆ ಸೀಳಿ, ಬಂಡೆಯ ಸಂದಿಯಲ್ಲಿ ಬದುಕಿದ ಮರಗಳಿವು. ಇಂಥ ಮರವನ್ನು ಕುಂಡಕ್ಕೆ ತಂದ ಮೇಲೆ ಎರಡು ಮೂರು ವರ್ಷ ಅದರ ತಂಟೆಗೆ ಹೋಗುವಂತಿಲ್ಲ, ಹೊಸ ಬೇರು ಬಿಡುವವರೆಗೆ ಕಾಯಬೇಕು. ಆಮೇಲೆ ಕೊಂಬೆಗಳಿಗೆ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿ ಸುತ್ತಿ ನಿಧಾನವಾಗಿ ಬಾಗಿಸುತ್ತಾರೆ. ತಂತಿ ತೊಗಟೆಯೊಳಗೆ ಇಳಿಯುವ ಮೊದಲೇ ತುಂಡರಿಸಿ ತೆಗೆಯಬೇಕು, ತಡವಾದರೆ ಗಾಯದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಎಲೆ ಉದುರಿಸುವ ಮರಗಳ ಮಣ್ಣನ್ನು ಎರಡು ಮೂರು ವರ್ಷಕ್ಕೊಮ್ಮೆ, ಹಳೆಯ ಪೈನ್‌ಗಳ ಮಣ್ಣನ್ನು ಐದಾರು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಚಿಗುರು ಚಿವುಟಿದಂತೆ ಒಂದು ಕವಲು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಕೊಂಬೆಯ ತುದಿ ಕೂದಲಿನಷ್ಟು ನವಿರಾಗಲು ಹತ್ತು ಹದಿನೈದು ವರ್ಷ ಬೇಕು.

ಸಾರ್ವಜನಿಕ ಪ್ರದರ್ಶನದಲ್ಲಿ ಕಲಾವಿದರು ಒಂದೇ ದಿನದಲ್ಲಿ ಒರಟು ಮರಕ್ಕೆ ರೂಪ ಕೊಡುವುದುಂಟು. ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಆದರೆ ನಿಜವಾದ ಕೆಲಸ ಶುರುವಾಗುವುದು ಚಪ್ಪಾಳೆ ನಿಂತ ಮರುದಿನ. ಆ ಕೆಲಸವನ್ನು ನೋಡಲು ಯಾರೂ ಬರುವುದಿಲ್ಲ.

ಹಾಗಾದರೆ ಇದು ಹಿಂಸೆಯಲ್ಲವೇ? ಉಪವಾಸ ಕೆಡವಿದ ಮರ ನೂರಾರು ವರ್ಷ ಬದುಕಲಾರದು. ಬೇರು ಕತ್ತರಿಸುವುದು ಹೊಸ ಬೇರು ಬರಲೆಂದು. ಆಳವಿಲ್ಲದ ಕುಂಡದ ಮರಕ್ಕೆ ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಅಪಾಯ. ಆದ್ದರಿಂದ ಮರವನ್ನು ಕುಂಡಕ್ಕೆ ಕಟ್ಟಿಹಾಕಿದವನು ತಾನೂ ಆ ಕುಂಡಕ್ಕೆ ಕಟ್ಟುಬೀಳುತ್ತಾನೆ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಬೆಟ್ಟದಲ್ಲಿ ಇನ್ನೂರು ವರ್ಷ ಬಾಳಿದ ಮರವನ್ನು ಅಗೆದು ತರುವ ಹಕ್ಕು ಯಾರಿಗಿದೆ? ಒಪ್ಪಿಗೆ, ಪರವಾನಗಿ ಇಲ್ಲದೆ ಕಿತ್ತರೆ ಅದು ಕಳವು. ಪರವಾನಗಿ ಇದ್ದೂ ಅವಸರದಿಂದ ಕಿತ್ತ ಮರ ಸತ್ತರೆ ಅದನ್ನು ಏನೆಂದು ಕರೆಯಬೇಕು? ಹಿಂಸೆ ಇರುವುದು ಕುಂಡದಲ್ಲಲ್ಲ, ಅವಸರದಲ್ಲಿ ಎಂದು ನಮಗೆ ತೋರುತ್ತದೆ.

ಜಪಾನಿನ ಯಮಾಕಿ ಮನೆತನದವರು ಸಾಕಿದ ಬಿಳಿ ಪೈನ್ ಮರವೊಂದು 1625ರಿಂದ ಆರೈಕೆಯಲ್ಲಿದೆ. 1945ರಲ್ಲಿ ಹಿರೋಷಿಮಾದ ಬಾಂಬಿಗೂ ಅದು ಬದುಕುಳಿಯಿತು. ಬಾಂಬು ಹಾಕಿದ ಅಮೆರಿಕಕ್ಕೇ ಮಸಾರು ಯಮಾಕಿ 1976ರಲ್ಲಿ ಅದನ್ನು ಕಾಣಿಕೆಯಾಗಿ ಕೊಟ್ಟರು. ಅದು ಬಾಂಬಿಗೆ ಉಳಿದ ಮರವೆಂಬುದು ಅಲ್ಲಿ ತಿಳಿದುಬಂದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ಮರವನ್ನು ನೋಡಲು ಬಂದಾಗ. ಮರ ಸೇಡನ್ನು ದಾಟಿಸಲಿಲ್ಲ, ಆರೈಕೆಯನ್ನು ದಾಟಿಸಿತು.

ಅಂತ್ಯದಿನ ಎದುರಿಗೆ ಬಂದು ನಿಂತರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕೆಂಬುದು ಪ್ರವಾದಿಯವರ ಬೋಧನೆ. ಫಲ ಕಾಣುವೆವೋ ಇಲ್ಲವೋ ಎಂಬುದು ನೆಡುವವರ ಲೆಕ್ಕಕ್ಕೆ ಸೇರಿದ್ದಲ್ಲ. ಪರಬಿಯಾಗೊದ ಆ ಮರಕ್ಕೆ ಒಡೆಯರು ಹಲವರಾದರು, ಆದರೆ ನಿಜವಾಗಿ ಅದು ಯಾರದೂ ಅಲ್ಲ. ಅದು ಅಮಾನತ್ತು, ಒಬ್ಬರಿಂದ ಪಡೆದು, ಕೆಡದಂತೆ ಇನ್ನೊಬ್ಬರ ಕೈಗೆ ಕೊಡಬೇಕಾದದ್ದು. ನಾವು ಆಡುವ ಭಾಷೆ, ನಾವು ಬಾಳುವ ಊರು, ನೆರೆಹೊರೆಯ ನಂಬಿಕೆ, ಇವೂ ಇಂಥವೇ. ಕಡಿಯಲು ಒಂದು ಮಧ್ಯಾಹ್ನ ಸಾಕು. ಬೆಳೆಸಲು ಹಲವು ಕೈಗಳು ಬೇಕು, ಅವುಗಳಲ್ಲಿ ಹೆಚ್ಚಿನವಕ್ಕೆ ಹೆಸರೂ ಇರುವುದಿಲ್ಲ.